ಮನೆತನದ ಹೆಸರು: ನೆರೆಯವರು ಕರೆದದ್ದು, ಗುಮಾಸ್ತರು ಬರೆದದ್ದು

ಯಾರ ಪರಿಚಯವಾದರೂ ಅವರ ಹೆಸರಿನ ಕೊನೆಯ ಪದದ ಬಳಿ ನನ್ನ ಗಮನ ತುಸು ಹೊತ್ತು ನಿಲ್ಲುತ್ತದೆ. ಮೊದಲ ಹೆಸರನ್ನು ಹೆತ್ತವರು ಆಸೆಪಟ್ಟು, ಆಲೋಚಿಸಿ ಇಟ್ಟಿರುತ್ತಾರೆ. ಅದರಲ್ಲಿ ಅವರ ಭಕ್ತಿಯೋ ಅಭಿರುಚಿಯೋ ಕಾಣುತ್ತದೆ. ಅಡ್ಡಹೆಸರು, ಅಂದರೆ ಮನೆತನದ ಹೆಸರು, ಬರುವ ದಾರಿಯೇ ಬೇರೆ. ಎಂದೋ ಬದುಕಿದ್ದ ಒಬ್ಬ ಹಿರಿಯನನ್ನು ಅವನ ಸುತ್ತಲಿನವರು ಹೇಗೆ ಗುರುತಿಸುತ್ತಿದ್ದರೋ ಆ ಗುರುತು ತೆರಿಗೆಯ ಪಟ್ಟಿಯಲ್ಲೋ ಭೂದಾಖಲೆಯಲ್ಲೋ ಒಮ್ಮೆ ಸೇರಿಹೋಗಿ, ಅಲ್ಲಿಂದ ಮುಂದೆ ಅವನ ಮಕ್ಕಳು ಮೊಮ್ಮಕ್ಕಳಿಗೆ ಅಂಟಿಕೊಂಡು ಬಂದಿರುತ್ತದೆ. ಹಲವು ವರ್ಷಗಳಿಂದ ಈ ವಿಷಯದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಹೆಚ್ಚಿನ ಮನೆತನದ ಹೆಸರುಗಳು ನೆರೆಹೊರೆಯವರ ಬಾಯಲ್ಲಿ ಹುಟ್ಟಿದವು, ಲೆಕ್ಕ ಬರೆಯುವವರ ಅನುಕೂಲಕ್ಕಾಗಿ ಕಾಯಂ ಆದವು. ಆದ್ದರಿಂದ ಅವುಗಳಲ್ಲಿ ವಂಶದ ಹೆಗ್ಗಳಿಕೆಯನ್ನು ಹುಡುಕುವುದಕ್ಕಿಂತ, ಚರಿತ್ರೆಯ ಪುಟಗಳಲ್ಲಿ ಜಾಗ ಸಿಗದ ಸಾಮಾನ್ಯರ ಬದುಕನ್ನು ಹುಡುಕುವುದು ಹೆಚ್ಚು ಫಲಕಾರಿ.

ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಸಮುದಾಯದಲ್ಲಿ ಒಂದು ಹೆಸರು ಸಾಕಾಗುತ್ತದೆ. ತೊಂದರೆ ಶುರುವಾಗುವುದು ಒಂದೇ ಹೆಸರಿನವರು ನಾಲ್ಕಾರು ಮಂದಿ ಸೇರಿದಾಗ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್, ಥಾಮಸ್ ಎಂಬ ಬೆರಳೆಣಿಕೆಯ ಹೆಸರುಗಳೇ ಗಂಡಸರಲ್ಲಿ ಬಹುಪಾಲು ಮಂದಿಗೆ ಇದ್ದವು. ಹಾಗಾಗಿ ಕುಲುಮೆಯ ಜಾನ್, ಗುಡ್ಡದ ಜಾನ್, ಕೆಂಚು ಜಾನ್ ಎಂದು ಬೇರ್ಪಡಿಸಿ ಹೇಳದೆ ಮಾತು ಮುಂದೆ ಸಾಗುತ್ತಿರಲಿಲ್ಲ. ಈ ಗುರುತುಗಳು ಆರಂಭದಲ್ಲಿ ಆಯಾ ವ್ಯಕ್ತಿಗೆ ಮಾತ್ರ ಸೇರಿದ್ದವು. ಕುಲುಮೆಯ ಜಾನನ ಮಗ ದನ ಕಾಯುತ್ತಿದ್ದರೆ ಅವನಿಗೆ ಬೇರೆಯದೇ ಗುರುತು ಬರುತ್ತಿತ್ತು. 1377, 1379 ಮತ್ತು 1381ರಲ್ಲಿ ಅಲ್ಲಿನ ಅರಸರು ತಲೆಗಂದಾಯ ಎತ್ತಿದಾಗ ಊರೂರಿನ ಜನರ ಪಟ್ಟಿಗಳಾದವು. 1538ರಿಂದ ಪ್ರತಿಯೊಂದು ಚರ್ಚಿನಲ್ಲಿಯೂ ದೀಕ್ಷೆ, ಮದುವೆ, ಶವಸಂಸ್ಕಾರಗಳ ದಾಖಲೆ ಇಡಬೇಕೆಂಬ ಆಜ್ಞೆ ಹೊರಟಿತು. ತಂದೆಯ ಆಸ್ತಿ ಮಗನಿಗೆ ಸೇರುವುದನ್ನು ಕಾಗದದಲ್ಲಿ ತೋರಿಸಬೇಕಾದಾಗ ತಂದೆಯ ಗುರುತು ಮಗನಿಗೂ ಬೇಕಾಯಿತು. ಹೀಗೆ ಒಬ್ಬನ ಗುರುತು ಒಂದು ಮನೆಯ ಹೆಸರಾಯಿತು.

ಇಂಥ ಗುರುತುಗಳ ಮೂಲವನ್ನು ವಿದ್ವಾಂಸರು ಸಾಮಾನ್ಯವಾಗಿ ನಾಲ್ಕಾಗಿ ವಿಂಗಡಿಸುತ್ತಾರೆ: ತಂದೆಯ ಹೆಸರು, ಊರು ಅಥವಾ ನೆಲೆ, ಕಸುಬು, ಮತ್ತು ಮೈಕಟ್ಟು ಅಥವಾ ಸ್ವಭಾವ. ಜಗತ್ತಿನ ಯಾವ ಭಾಷೆಯನ್ನು ತೆಗೆದುಕೊಂಡರೂ ಈ ನಾಲ್ಕೇ ಮತ್ತೆ ಮತ್ತೆ ಎದುರಾಗುತ್ತವೆ, ಏಕೆಂದರೆ ಒಬ್ಬ ಮನುಷ್ಯನ ಬಗ್ಗೆ ನೆರೆಯವರಿಗೆ ಗೊತ್ತಿರುವುದು ಹೆಚ್ಚುಕಡಿಮೆ ಇಷ್ಟೇ.

ತಂದೆಯ ಹೆಸರಿನಿಂದ ಬಂದವುಗಳನ್ನು ಗುರುತಿಸುವುದು ಸುಲಭ. ಇಂಗ್ಲಿಷಿನ ಜಾನ್ಸನ್, ಸ್ಕಾಟ್ಲೆಂಡಿನ ಮ್ಯಾಕ್‌ಡೊನಾಲ್ಡ್, ಐರ್ಲೆಂಡಿನ ಓಬ್ರಯನ್, ಸ್ಪೇನಿನ ರೊಡ್ರಿಗೆಸ್, ಜಾರ್ಜಿಯಾದ -ಷ್ವಿಲಿ ಮತ್ತು -ದ್ಸೆ ಎಂಬ ಕೊನೆಗಳು, ಆರ್ಮೇನಿಯಾದ -ಯನ್, ಇವೆಲ್ಲ ಇಂಥವನ ಮಗ ಅಥವಾ ಇಂಥವನ ಪೀಳಿಗೆ ಎಂದೇ ಹೇಳುತ್ತವೆ. ರಷ್ಯನ್ನಿನ ಇವಾನೊವ್ ಎಂಬುದು ‘ಇವಾನನ’ ಎಂಬ ಷಷ್ಠಿಯ ರೂಪ. ನಮ್ಮ ಚನ್ನಪ್ಪನವರ, ಬಸಪ್ಪನವರ ಎಂಬ ಹೆಸರುಗಳಲ್ಲಿ ಕೆಲಸ ಮಾಡಿರುವುದೂ ಇದೇ ವ್ಯಾಕರಣ. ವೇಲ್ಸಿನ ಹೆಸರುಗಳು ನನಗೆ ವಿಶೇಷವಾಗಿ ಇಷ್ಟ. ಅಲ್ಲಿ ‘ಆಪ್’ ಎಂದರೆ ಮಗ. ಹಿಂದೆ ಒಬ್ಬನು ತನ್ನ ತಂದೆ, ಅಜ್ಜ, ಮುತ್ತಜ್ಜರನ್ನೆಲ್ಲ ‘ಆಪ್’ ಸೇರಿಸಿ ಸಾಲಾಗಿ ಹೇಳಿಕೊಳ್ಳುತ್ತಿದ್ದ. ಒಂದು ಹೆಸರಿನಲ್ಲಿಯೇ ಇಡೀ ವಂಶಾವಳಿ ಇರುತ್ತಿತ್ತು. ಇಂಗ್ಲಿಷ್ ಆಡಳಿತ ಬಂದಮೇಲೆ ಅಷ್ಟುದ್ದದ ಹೆಸರಿಗೆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಆಗ ಆಪ್ ಹೊವೆಲ್ ಎಂಬುದು ಪೊವೆಲ್ ಆಯಿತು, ಆಪ್ ರೀಸ್ ಎಂಬುದು ಪ್ರೈಸ್ ಆಯಿತು, ಆಪ್ ಹ್ಯಾರಿ ಎಂಬುದು ಪ್ಯಾರಿ ಆಯಿತು. ಮಗ ಎಂಬ ಪದದ ಒಂದೇ ಒಂದು ಧ್ವನಿ ಈ ಹೆಸರುಗಳ ಮೊದಲಿಗೆ ಅಂಟಿಕೊಂಡು ಇಂದಿಗೂ ಉಳಿದಿದೆ.

ತಂದೆಯ ಹೆಸರನ್ನು ಕಾಯಂ ಮಾಡದೆ, ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಕಟ್ಟಿಕೊಳ್ಳುವ ಪದ್ಧತಿಯನ್ನು ಐಸ್‌ಲ್ಯಾಂಡ್ ಇಂದಿಗೂ ಉಳಿಸಿಕೊಂಡಿದೆ. ಅಲ್ಲಿ 1980ರಲ್ಲಿ ಅಧ್ಯಕ್ಷೆಯಾದ ವಿಗ್ದಿಸ್ ಫಿನ್‌ಬೊಗಡೊಟ್ಟಿರ್ ಅವರ ಹೆಸರಿನ ಎರಡನೆಯ ಭಾಗಕ್ಕೆ ‘ಫಿನ್‌ಬೊಗಿಯ ಮಗಳು’ ಎಂದಷ್ಟೇ ಅರ್ಥ. ಅವರ ಸಹೋದರನಾದವನು ಫಿನ್‌ಬೊಗಸನ್ ಆಗುತ್ತಾನೆ, ಅವನ ಮಕ್ಕಳು ಅವನ ಹೆಸರನ್ನು ಹೊರುತ್ತಾರೆ. ಹಾಗಾಗಿ ಒಂದೇ ಮನೆಯ ತಂದೆ, ತಾಯಿ, ಮಗ, ಮಗಳು ನಾಲ್ವರಿಗೂ ಬೇರೆ ಬೇರೆ ಕೊನೆಹೆಸರು ಇರುವುದು ಅಲ್ಲಿ ಸಹಜ, ಮತ್ತು ದೂರವಾಣಿ ಪುಸ್ತಕವನ್ನು ಮೊದಲ ಹೆಸರಿನ ಅಕಾರಾದಿಯಲ್ಲಿ ಅಚ್ಚು ಹಾಕುತ್ತಿದ್ದರು. ಹೊಸದಾಗಿ ಮನೆತನದ ಹೆಸರು ಇಟ್ಟುಕೊಳ್ಳುವುದನ್ನು 1925ರ ಕಾನೂನು ನಿಷೇಧಿಸಿತು. ಆಧುನಿಕ ಆಡಳಿತಕ್ಕೆ ಕಾಯಂ ಅಡ್ಡಹೆಸರು ಅನಿವಾರ್ಯ ಎಂದು ವಾದಿಸುವವರಿಗೆ ನಾನು ಐಸ್‌ಲ್ಯಾಂಡನ್ನು ನೆನಪಿಸುತ್ತೇನೆ.

ಊರಿನ ಹೆಸರಿನಿಂದ ಬಂದ ಅಡ್ಡಹೆಸರುಗಳ ಬಗ್ಗೆ ಒಂದು ಸಾಮಾನ್ಯ ತಪ್ಪು ಕಲ್ಪನೆಯಿದೆ. ಒಂದು ಊರಿನ ಹೆಸರನ್ನು ಹೊತ್ತ ಮನೆತನ ಆ ಊರಿನ ಒಡೆತನ ಹೊಂದಿತ್ತು ಎಂದು ಹಲವರು ನಂಬುತ್ತಾರೆ. ಶ್ರೀಮಂತ ಜಮೀನುದಾರರ ವಿಷಯದಲ್ಲಿ ಅದು ನಿಜವಿರಬಹುದು. ಉಳಿದವರ ವಿಷಯದಲ್ಲಿ ನಡೆದದ್ದು ಇದರ ತಿರುವುಮುರುವು: ಒಂದೇ ಊರಿನವರೆಲ್ಲ ಒಂದೆಡೆ ಇದ್ದಾಗ ಊರಿನ ಹೆಸರು ಯಾರನ್ನೂ ಬೇರ್ಪಡಿಸುವುದಿಲ್ಲ. ಊರು ಬಿಟ್ಟು ಬೇರೆಡೆ ನೆಲೆಸಿದವನಿಗೆ ಮಾತ್ರ ಅದು ಗುರುತಾಗಬಲ್ಲದು. ಹಾಗಾಗಿ ಊರಿನ ಹೆಸರು ಹೆಚ್ಚಿನ ಸಂದರ್ಭಗಳಲ್ಲಿ ವಲಸೆಯ ಸಾಕ್ಷಿ. ಹಂಗೇರಿಯಲ್ಲಿ ಅತಿ ಹೆಚ್ಚು ಮಂದಿಗಿರುವ ಅಡ್ಡಹೆಸರುಗಳಲ್ಲಿ ಹೊರ್ವಾತ್, ತೋತ್, ನೇಮೆತ್ ಎಂಬ ಮೂರಿವೆ. ಅವುಗಳ ಅರ್ಥ ಕ್ರಮವಾಗಿ ಕ್ರೊವೇಷಿಯದವನು, ಸ್ಲೋವಾಕ್, ಜರ್ಮನ್. ಐರ್ಲೆಂಡಿನಲ್ಲಿ ವ್ಯಾಪಕವಾಗಿರುವ ವಾಲ್ಷ್ ಎಂದರೆ ವೇಲ್ಸಿನಿಂದ ಬಂದವನು. ಬಂದವರು ಅಲ್ಲಿನವರೇ ಆಗಿ ಶತಮಾನಗಳು ಕಳೆದಿವೆ, ಹೆಸರು ಮಾತ್ರ ಅವರನ್ನು ಇನ್ನೂ ಹೊರಗಿನವರೆಂದೇ ಕರೆಯುತ್ತಿದೆ.

ನಾರ್ವೆಯ ರೈತರಲ್ಲಿ ಹೊಲದ ಹೆಸರು ಈಗಿನ ವಿಳಾಸದಂತೆ ಬಳಕೆಯಾಗುತ್ತಿತ್ತು. ಒಂದು ಜಮೀನು ಬಿಟ್ಟು ಇನ್ನೊಂದಕ್ಕೆ ಹೋದವನ ಹೆಸರಿನ ಕೊನೆಯ ಭಾಗವೂ ಬದಲಾಗುತ್ತಿತ್ತು. 1923ರ ಕಾನೂನು ಪ್ರತಿ ಕುಟುಂಬಕ್ಕೂ ಒಂದು ಸ್ಥಿರ ಹೆಸರಿರಬೇಕೆಂದು ವಿಧಿಸಿದ ಮೇಲೆ ಈ ಚಲನೆ ನಿಂತಿತು. ಜಪಾನಿನಲ್ಲಿ ಊರಿಗಿಂತ ಹೆಚ್ಚಾಗಿ ನೆಲದ ಚಹರೆಯೇ ಹೆಸರಾಗಿದೆ: ತನಾಕ ಎಂದರೆ ಗದ್ದೆಯ ನಡುವೆ, ಯಮಮೊತೊ ಎಂದರೆ ಬೆಟ್ಟದ ಬುಡ, ಕೊಬಯಾಷಿ ಎಂದರೆ ಸಣ್ಣ ಕಾಡು. ಈ ಮೂರು ಹೆಸರುಗಳನ್ನು ಒಟ್ಟಿಗೆ ಓದಿದರೆ ಒಂದು ಹಳ್ಳಿಯ ನಕ್ಷೆ ಕಣ್ಣ ಮುಂದೆ ಬರುತ್ತದೆ.

ಕಸುಬಿನ ಹೆಸರುಗಳೇ ನನಗೆ ಎಲ್ಲಕ್ಕಿಂತ ಪ್ರಿಯವಾದವು. ಇಂಗ್ಲಿಷಿನ ಸ್ಮಿತ್, ಜರ್ಮನ್ನಿನ ಶ್ಮಿಟ್, ಫ್ರೆಂಚಿನ ಲೆಫೆವ್ರ್, ಇಟಲಿಯ ಫೆರಾರಿ, ಹಂಗೇರಿಯ ಕೊವಾಚ್, ಪೋಲೆಂಡಿನ ಕೊವಾಲ್ಸ್ಕಿ, ರಷ್ಯದ ಕುಜ್ನೆತ್ಸೊವ್, ಅರಬ್ಬಿಯ ಹದ್ದಾದ್, ಕನ್ನಡದ ಕಂಬಾರ, ಎಲ್ಲವೂ ಕುಲುಮೆಯಿಂದ ಬಂದವು. ಇಷ್ಟೊಂದು ಭಾಷೆಗಳಲ್ಲಿ ಕಬ್ಬಿಣದ ಕೆಲಸದವನೇ ಏಕೆ ಅಡ್ಡಹೆಸರಾದ? ನೇಗಿಲಿನ ಗುಳ, ಕುದುರೆಯ ಲಾಳ, ಬಾಗಿಲಿನ ಚಿಲಕ ಎಲ್ಲವೂ ಅವನ ಕೈಯಿಂದಲೇ ಬರಬೇಕಿತ್ತು, ಆದರೆ ಒಂದು ಊರಿಗೆ ಅಂಥ ಒಬ್ಬನೋ ಇಬ್ಬರೋ ಸಾಕಾಗುತ್ತಿದ್ದರು. ರೈತರ ನಡುವೆ ‘ರೈತ ಜಾನ್’ ಎಂದರೆ ಯಾರೆಂದು ತಿಳಿಯುವುದಿಲ್ಲ. ‘ಕಮ್ಮಾರ ಜಾನ್’ ಎಂದರೆ ತಕ್ಷಣ ತಿಳಿಯುತ್ತದೆ. ಜನಸಂಖ್ಯೆಯ ಬಹುಪಾಲು ಮಾಡುತ್ತಿದ್ದ ಬೇಸಾಯದ ಹೆಸರುಗಳು ಕಡಿಮೆಯಿದ್ದು, ಅಲ್ಲೊಬ್ಬ ಇಲ್ಲೊಬ್ಬ ಮಾಡುತ್ತಿದ್ದ ಕಸುಬುಗಳ ಹೆಸರುಗಳು ಹೆಚ್ಚಿರುವುದರ ಕಾರಣ ಇದೇ.

ಒಂದು ಕಸುಬನ್ನು ಹತ್ತಿರದಿಂದ ನೋಡೋಣ. ಮಗ್ಗದಿಂದ ಇಳಿದ ಉಣ್ಣೆಯ ಬಟ್ಟೆ ಸಡಿಲವಾಗಿರುತ್ತದೆ, ಅದರಲ್ಲಿ ಉಣ್ಣೆಯ ಜಿಡ್ಡು ಉಳಿದಿರುತ್ತದೆ. ಅದನ್ನು ತೊಟ್ಟಿಯಲ್ಲಿ ನೀರು ಮತ್ತು ಜಿಡ್ಡು ಹೀರುವ ಒಂದು ಬಗೆಯ ಜೇಡಿಮಣ್ಣಿನ ಜೊತೆ ಹಾಕಿ, ಗಂಟೆಗಟ್ಟಲೆ ಕಾಲಿನಿಂದ ತುಳಿಯಬೇಕು. ತುಳಿದಷ್ಟೂ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ದಟ್ಟವಾಗುತ್ತದೆ, ಬೆಚ್ಚಗಾಗುತ್ತದೆ. ಈ ಕೆಲಸ ಮಾಡುವವನನ್ನು ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ಫುಲ್ಲರ್ ಎಂದೂ, ನೈಋತ್ಯದಲ್ಲಿ ಟಕ್ಕರ್ ಎಂದೂ, ಉತ್ತರದಲ್ಲಿ ವಾಕರ್ ಎಂದೂ ಕರೆಯುತ್ತಿದ್ದರು. ಇಂದು ಈ ಮೂರೂ ಅಡ್ಡಹೆಸರುಗಳು ಪ್ರಪಂಚದಾದ್ಯಂತ ಇವೆ. ವಾಕರ್ ಎಂಬ ಹೆಸರನ್ನು ಕೇಳಿದವರು ನಡೆಯುವವನು ಎಂದು ತಿಳಿಯುತ್ತಾರೆ; ಅವನು ನಡೆದದ್ದು ನಿಜ, ಆದರೆ ದಾರಿಯ ಮೇಲಲ್ಲ, ತೊಟ್ಟಿಯೊಳಗೆ, ಒದ್ದೆ ಬಟ್ಟೆಯ ಮೇಲೆ. ನೀರಿನ ಬಲದಿಂದ ಬಡಿಯುವ ಯಂತ್ರಗಳು ಬಂದು ಆ ದುಡಿಮೆಯನ್ನು ನುಂಗಿದವು. ಆ ಪದಗಳು ನಿತ್ಯದ ಮಾತಿನಿಂದಲೂ ಕಣ್ಮರೆಯಾದವು. ಮೂರು ಸೀಮೆಗಳ ಮೂರು ಆಡುನುಡಿಗಳು ಮಾತ್ರ ಆ ದುಡಿದವರ ಮೊಮ್ಮಕ್ಕಳ ಹೆಸರಿನಲ್ಲಿ ಉಳಿದುಕೊಂಡವು. ಒಂದು ಹೆಸರಿನ ಮೇಲಿಂದ ಹಿರಿಯರು ಯಾವ ದಿಕ್ಕಿನವರೆಂದು ಊಹಿಸಲು ಇದಕ್ಕಿಂತ ಉತ್ತಮ ಉದಾಹರಣೆ ನನಗೆ ಸಿಕ್ಕಿಲ್ಲ.

ಇದೇ ನೇಯ್ಗೆಯ ಲೋಕದಿಂದ ಬಂದ ವೆಬ್‌ಸ್ಟರ್, ರೊಟ್ಟಿಯ ಒಲೆಯಿಂದ ಬಂದ ಬ್ಯಾಕ್ಸ್‌ಟರ್ ಎಂಬ ಹೆಸರುಗಳ ಕೊನೆಯಲ್ಲಿರುವ ‘ಸ್ಟರ್’ ಹಳೆಯ ಇಂಗ್ಲಿಷಿನಲ್ಲಿ ಹೆಂಗಸನ್ನು ಸೂಚಿಸುತ್ತಿದ್ದ ಪ್ರತ್ಯಯ. ಕಾಲಕ್ರಮೇಣ ಅದು ಗಂಡಸರಿಗೂ ಬಳಕೆಯಾಯಿತು. ಆದರೂ ನೇಯುವ, ರೊಟ್ಟಿ ಸುಡುವ ಹೆಂಗಸರಿಗಾಗಿ ಭಾಷೆ ಒಂದು ರೂಪವನ್ನೇ ಮೀಸಲಿಟ್ಟಿತ್ತು ಎಂಬುದು, ತಂದೆಯಿಂದ ಮಗನಿಗೆ ಹೋಗುವ ಹೆಸರುಗಳ ಈ ಲೋಕದಲ್ಲಿ ಸಣ್ಣ ಸಂಗತಿಯಲ್ಲ.

ಭಾರತದಲ್ಲಿ ಕಸುಬಿನ ಜೊತೆಗೆ ಹುದ್ದೆಗಳೂ ಮನೆತನದ ಹೆಸರುಗಳಾದವು. ಹಳ್ಳಿಯ ಲೆಕ್ಕ ಬರೆಯುತ್ತಿದ್ದವನು ಕುಲಕರ್ಣಿ, ಊರಿನ ಮುಖ್ಯಸ್ಥ ಪಾಟೀಲ, ಹಲವು ಹಳ್ಳಿಗಳ ಲೆಕ್ಕಪತ್ರಕ್ಕೆ ಮೇಲಿನವನು ದೇಶಪಾಂಡೆ. ಈ ಹುದ್ದೆಗಳು ವಂಶಪಾರಂಪರ್ಯವಾಗಿದ್ದ ಕಾರಣ ಹುದ್ದೆಗೂ ಮನೆಗೂ ನಡುವೆ ಗೆರೆ ಉಳಿಯಲಿಲ್ಲ. ಹುದ್ದೆಗಳು ರದ್ದಾದ ಮೇಲೆ ಹೆಸರು ಮಾತ್ರ ಉಳಿಯಿತು. ಪಾರ್ಸಿಗಳು ಬ್ರಿಟಿಷರ ಕಾಲದ ಹೊಸ ವೃತ್ತಿಗಳನ್ನೇ ಹೆಸರಾಗಿಸಿಕೊಂಡರು. ಕ್ರಿಕೆಟ್ ಬಲ್ಲವರಿಗೆ ನಾರಿ ಕಾಂಟ್ರಾಕ್ಟರ್ ಮತ್ತು ಫಾರೂಖ್ ಎಂಜಿನಿಯರ್ ಅವರ ಹೆಸರುಗಳು ಗೊತ್ತಿರುತ್ತವೆ. ಇಂಗ್ಲೆಂಡಿನಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ನಡೆದದ್ದೇ ಇಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಇನ್ನೊಮ್ಮೆ ನಡೆಯಿತು.

ಮೈಕಟ್ಟು, ಸ್ವಭಾವಗಳ ಹೆಸರುಗಳಲ್ಲಿ ನೆರೆಯವರ ಕಣ್ಣು ಇನ್ನೂ ನೇರವಾಗಿ ಕಾಣುತ್ತದೆ. ಇಟಲಿಯಲ್ಲಿ ಬಹು ಸಾಮಾನ್ಯವಾದ ರೊಸ್ಸಿ ಎಂದರೆ ಕೆಂಗೂದಲಿನವನು, ಜರ್ಮನ್ನಿನ ಕ್ಲೈನ್ ಎಂದರೆ ಕುಳ್ಳ, ರಷ್ಯದ ಸ್ಮಿರ್ನೊವ್ ಎಂಬುದರ ಮೂಲದಲ್ಲಿರುವುದು ಸಾಧು ಸ್ವಭಾವದವನು. ಸ್ಕಾಟ್ಲೆಂಡಿನ ಎರಡು ಪ್ರಬಲ ಕುಲಗಳಾದ ಕ್ಯಾಂಬೆಲ್ ಮತ್ತು ಕ್ಯಾಮರನ್ ಹೆಸರುಗಳು ಗೇಲಿಕ್ ಭಾಷೆಯ ಸೊಟ್ಟ ಬಾಯಿ, ಸೊಟ್ಟ ಮೂಗು ಎಂಬ ಪದಗಳಿಂದ ಬಂದವು. ಯಾರೂ ತಮಗೆ ತಾವೇ ಇಂಥ ಹೆಸರಿಟ್ಟುಕೊಳ್ಳುವುದಿಲ್ಲ. ಆದರೆ ಮಕ್ಕಳು ಆ ಹೆಸರನ್ನು ಹೊತ್ತು ಕೋಟೆ ಕಟ್ಟಿದರು, ಸೈನ್ಯ ನಡೆಸಿದರು, ಅದರ ಮೂಲ ಯಾರಿಗೂ ಅವಮಾನವೆನ್ನಿಸಲಿಲ್ಲ.

ಇಷ್ಟು ಹೊತ್ತು ಹೇಳಿದ್ದು ನಿಧಾನವಾಗಿ, ಶತಮಾನಗಳ ಅವಧಿಯಲ್ಲಿ ಗಟ್ಟಿಯಾದ ಹೆಸರುಗಳ ಕಥೆ. ಜಗತ್ತಿನ ಬಹುದೊಡ್ಡ ಪಾಲಿನ ಜನರಿಗೆ ಅಡ್ಡಹೆಸರು ಬಂದದ್ದು ಹಾಗಲ್ಲ, ಸರ್ಕಾರದ ಒಂದು ಆಜ್ಞೆಯಿಂದ. ಆಸ್ಟ್ರಿಯದ ಎರಡನೆಯ ಜೋಸೆಫ್ 1787ರಲ್ಲಿ ತನ್ನ ರಾಜ್ಯದ ಯಹೂದಿಗಳೆಲ್ಲ ಜರ್ಮನ್ ಅಡ್ಡಹೆಸರು ಹೊಂದಬೇಕೆಂದು ಆಜ್ಞಾಪಿಸಿದ. ನೆದರ್ಲೆಂಡ್ಸಿನಲ್ಲಿ ನೆಪೋಲಿಯನ್ 1811ರಲ್ಲಿ ಹೆಸರಿನ ನೋಂದಣಿಯನ್ನು ಕಡ್ಡಾಯಗೊಳಿಸಿದ. ಜಪಾನಿನಲ್ಲಿ ಸಾಮಾನ್ಯ ಜನರಿಗೆ ಅಡ್ಡಹೆಸರು ಬಳಸಲು 1870ರಲ್ಲಿ ಅನುಮತಿ ಸಿಕ್ಕಿತು, 1875ರಲ್ಲಿ ಅದು ಕಡ್ಡಾಯವಾಯಿತು. ಥಾಯ್ಲೆಂಡಿನಲ್ಲಿ ದೊರೆ ವಜಿರಾವುಧ್ 1913ರಲ್ಲಿ ಕಾನೂನು ತಂದು, ಆರು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ತಾನೇ ಹೆಸರು ದಯಪಾಲಿಸಿದ. ಅಲ್ಲಿ ಒಂದು ಕುಟುಂಬದ ಹೆಸರನ್ನು ಸಂಬಂಧವಿಲ್ಲದ ಇನ್ನೊಂದು ಕುಟುಂಬ ಇಟ್ಟುಕೊಳ್ಳುವಂತಿಲ್ಲ. ಥಾಯ್ ಅಡ್ಡಹೆಸರುಗಳು ಅಷ್ಟುದ್ದ ಇರುವುದಕ್ಕೆ ಇದೂ ಒಂದು ಕಾರಣ.

ಫಿಲಿಪ್ಪೀನ್ಸಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿನ ಸ್ಪ್ಯಾನಿಷ್ ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ ಪ್ರವಾಸ ಹೋದಾಗ ಕಂಡದ್ದು, ಜನರಿಗೆ ಕಾಯಂ ಅಡ್ಡಹೆಸರುಗಳೇ ಇಲ್ಲ, ಇದ್ದವರೂ ದೆ ಲಾ ಕ್ರೂಸ್, ದೆ ಲೊಸ್ ಸಾಂತೊಸ್ ಎಂಬ ಒಂದೆರಡು ಭಕ್ತಿಯ ಹೆಸರುಗಳನ್ನೇ ಇಟ್ಟುಕೊಂಡಿದ್ದಾರೆ ಎಂಬುದು. ತೆರಿಗೆ ಕೊಡದೆ ಊರು ಬದಲಿಸಿದವನನ್ನು ಹುಡುಕುವುದು ಅಸಾಧ್ಯವಾಗಿತ್ತು. 1849ರ ನವೆಂಬರ್ 21ರಂದು ಅವನು ಆಜ್ಞೆ ಹೊರಡಿಸಿ, ಅಕಾರಾದಿಯಾಗಿ ಜೋಡಿಸಿದ ಸಾವಿರಾರು ಹೆಸರುಗಳ ಒಂದು ಪಟ್ಟಿಯನ್ನು ಪ್ರಾಂತ್ಯಗಳಿಗೆ ಕಳುಹಿಸಿದ. ಒಂದೊಂದು ಊರಿಗೆ ಆ ಪಟ್ಟಿಯ ಕೆಲವು ಪುಟಗಳು ಪಾಲಿಗೆ ಬಂದವು. ಮನೆಯ ಹಿರಿಯ ಆ ಪುಟಗಳಿಂದ ಒಂದು ಹೆಸರನ್ನು ಆರಿಸಿಕೊಳ್ಳಬೇಕು. ಪರಿಣಾಮವಾಗಿ ಕೆಲವು ಊರುಗಳಲ್ಲಿ ಎಲ್ಲರ ಅಡ್ಡಹೆಸರೂ ಒಂದೇ ಅಕ್ಷರದಿಂದ ಶುರುವಾಗುವಂತಾಯಿತು. ಆಲ್ಬಾಯ್ ಪ್ರಾಂತ್ಯದ ಓವಾಸ್ ಎಂಬ ಊರಿನಲ್ಲಿ ಆರ್ ಅಕ್ಷರದ ಹೆಸರುಗಳು ಇಂದಿಗೂ ತುಂಬಿವೆ. ಇಲ್ಲಿ ಹೆಸರಿನ ಅರ್ಥವನ್ನು ಹುಡುಕುತ್ತಾ ಹೋದರೆ ಒಂದು ಸ್ಪ್ಯಾನಿಷ್ ಪದ ಸಿಗಬಹುದು, ಆದರೆ ಆ ಪದಕ್ಕೂ ಆ ಮನೆಗೂ ಯಾವ ನಂಟೂ ಇರುವುದಿಲ್ಲ. ಆಡಳಿತದ ಅನುಕೂಲ ಇಷ್ಟು ಬೆತ್ತಲೆಯಾಗಿ ಕಾಣುವ ಸಂದರ್ಭ ಇನ್ನೊಂದಿಲ್ಲ.

ಟರ್ಕಿಯಲ್ಲಿ 1934ರ ಅಡ್ಡಹೆಸರಿನ ಕಾನೂನು ಪ್ರತಿಯೊಬ್ಬರೂ ಹೆಸರನ್ನು ಆರಿಸಿಕೊಳ್ಳಬೇಕೆಂದು ಹೇಳಿತು. ಪದವಿ, ಬುಡಕಟ್ಟು, ಪರದೇಶಗಳನ್ನು ಸೂಚಿಸುವ ಹೆಸರುಗಳಿಗೆ ಅವಕಾಶವಿರಲಿಲ್ಲ. ಮುಸ್ತಫಾ ಕೆಮಾಲ್ ಅವರಿಗೆ ಅಲ್ಲಿನ ಸಂಸತ್ತು ಅತಾತುರ್ಕ್, ಅಂದರೆ ತುರ್ಕರ ತಂದೆ, ಎಂಬ ಹೆಸರನ್ನು ಕೊಟ್ಟು ಅದನ್ನು ಬೇರೆ ಯಾರೂ ಇಟ್ಟುಕೊಳ್ಳಬಾರದೆಂದು ವಿಧಿಸಿತು. ಅವರ ಒಡನಾಡಿ ಇಸ್ಮೆತ್ ಅವರಿಗೆ 1921ರಲ್ಲಿ ತಾವು ಕಾದಿದ ಯುದ್ಧಭೂಮಿಯಾದ ಇನೊನು ಎಂಬ ಜಾಗವೇ ಹೆಸರಾಯಿತು. ಜನರು ತಾವೇ ಆರಿಸಿಕೊಂಡಾಗ ಏನಾಗುತ್ತದೆ ಎಂಬುದನ್ನು ಟರ್ಕಿಯಲ್ಲಿ ನೋಡಬೇಕು: ಯಿಲ್ಮಾಜ್ ಎಂದರೆ ಎದೆಗುಂದದವನು, ದೆಮಿರ್ ಎಂದರೆ ಕಬ್ಬಿಣ, ಕಾಯ ಎಂದರೆ ಬಂಡೆ, ಷಾಹಿನ್ ಎಂದರೆ ಡೇಗೆ. ಸೊಟ್ಟ ಮೂಗಿನವರು, ಕುಳ್ಳರು ಅಲ್ಲಿ ಅಪರೂಪ.

ಸ್ವಂತ ಆಯ್ಕೆಯ ಇನ್ನೊಂದು ಕಥೆ ಸ್ವೀಡನ್ನಿನದು, ಮತ್ತು ಅದು ನನಗೆ ತುಂಬ ಹಿಡಿಸಿದ್ದು. ನಿಲ್ಸ್ ಇಂಗೆಮಾರ್ಸನ್ ಎಂಬ ರೈತನ ಮಗ ವಿಶ್ವವಿದ್ಯಾಲಯಕ್ಕೆ ಸೇರುವಾಗ ಅವನಿಗೆ ಇದ್ದದ್ದು ಇಂಗೆಮಾರನ ಮಗ ಎಂಬ ಹೆಸರು ಮಾತ್ರ. ಅಲ್ಲಿನ ದಾಖಲೆಗೆ ಕಾಯಂ ಹೆಸರೊಂದು ಬೇಕಿತ್ತು. ಅವರ ಮನೆತನದ ಜಮೀನಿನಲ್ಲಿ ಒಂದು ದೊಡ್ಡ ಲಿಂಡೆನ್ ಮರವಿತ್ತು. ಆ ಸೀಮೆಯ ಆಡುಮಾತಿನಲ್ಲಿ ಅದಕ್ಕೆ ‘ಲಿನ್’ ಎನ್ನುತ್ತಿದ್ದರು. ಅದಕ್ಕೆ ಲ್ಯಾಟಿನ್ ರೂಪ ಕೊಟ್ಟು ಅವನು ಲಿನೇಯಸ್ ಆದ. ಅದೇ ಮರದಿಂದ ಬಂಧುಗಳ ಬೇರೆ ಕವಲುಗಳು ಲಿಂಡೇಲಿಯಸ್ ಎಂದೂ, ಆ ಮರದ ಲ್ಯಾಟಿನ್ ಹೆಸರಿನಿಂದ ಟಿಲಿಯಾಂಡರ್ ಎಂದೂ ಹೆಸರು ಪಡೆದವು. ನಿಲ್ಸನ ಮಗ ಕಾರ್ಲ್ 1707ರಲ್ಲಿ ಹುಟ್ಟಿದ. ಸಸ್ಯ ಪ್ರಾಣಿಗಳಿಗೆಲ್ಲ ಎರಡೆರಡು ಪದಗಳ ವೈಜ್ಞಾನಿಕ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವನು ಅವನೇ.

ಮಂಗೋಲಿಯದಲ್ಲಿ ಹೆಸರು ಹೋಗಿ ಮರಳಿ ಬಂತು. ಕಮ್ಯುನಿಸ್ಟ್ ಆಡಳಿತ 1920ರ ದಶಕದಲ್ಲಿ ಕುಲದ ಹೆಸರುಗಳನ್ನು ನಿಷೇಧಿಸಿತ್ತು. 1990ರ ದಶಕದಲ್ಲಿ ಅವನ್ನು ಮತ್ತೆ ಇಟ್ಟುಕೊಳ್ಳಬೇಕೆಂದಾಗ ಹಲವರಿಗೆ ತಮ್ಮ ಕುಲ ಯಾವುದೆಂದು ಗೊತ್ತಿರಲಿಲ್ಲ. ಬಹಳಷ್ಟು ಮಂದಿ ಚೆಂಗಿಸ್ ಖಾನನ ಕುಲವಾದ ಬೊರ್ಜಿಗಿನ್ ಎಂಬುದನ್ನೇ ಬರೆಸಿದರು. 1981ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ಮೊದಲ ಮಂಗೋಲಿಯನ್ ಗುರ್ರಗ್ಚಾ ಅವರು ಮಾತ್ರ ‘ಸನ್ಸರ್’ ಎಂದು ಆರಿಸಿಕೊಂಡರು. ಅದರ ಅರ್ಥ ಅಂತರಿಕ್ಷ. ಅರಸನ ವಂಶವನ್ನು ಕಡ ತರುವುದಕ್ಕಿಂತ ತಾನು ಮಾಡಿದ ಕೆಲಸವನ್ನು ಹೆಸರಾಗಿಸಿದ ಅವರ ಆಯ್ಕೆಯೇ ನನ್ನ ಮಟ್ಟಿಗೆ ಹೆಚ್ಚು ಗೌರವದ್ದು, ಮತ್ತು ಕಸುಬಿನ ಹೆಸರುಗಳ ಹಳೆಯ ದಾರಿಗೆ ಹತ್ತಿರವಾದದ್ದು.

ಹೆಸರಿನ ವ್ಯವಸ್ಥೆ ಎಷ್ಟು ಹಳೆಯದೋ ಉಳಿದಿರುವ ಹೆಸರುಗಳ ಸಂಖ್ಯೆ ಅಷ್ಟು ಕಡಿಮೆ. ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಅಡ್ಡಹೆಸರು ಬಳಸುತ್ತಿರುವ ಚೀನಾದಲ್ಲಿ ನೂರು ಹೆಸರುಗಳು ಜನಸಂಖ್ಯೆಯ ಸುಮಾರು 85 ಶೇಕಡಾ ಮಂದಿಯನ್ನು ಒಳಗೊಳ್ಳುತ್ತವೆ. ವಾಂಗ್ ಮತ್ತು ಲಿ ಎಂಬ ಎರಡರಲ್ಲಿ ಒಂದೊಂದಕ್ಕೂ ಹತ್ತು ಕೋಟಿಯ ಆಸುಪಾಸಿನ ಜನರಿದ್ದಾರೆ. ಮೊನ್ನೆಮೊನ್ನೆ ಹೆಸರು ಪಡೆದ ಜಪಾನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬಗೆಯ ಅಡ್ಡಹೆಸರುಗಳಿವೆ. ಹೆಸರು ಗಂಡುಮಕ್ಕಳ ಮೂಲಕವೇ ಸಾಗುವುದಾದರೆ, ಪ್ರತಿ ತಲೆಮಾರಿನಲ್ಲೂ ಗಂಡುಮಕ್ಕಳಿಲ್ಲದ ಕೆಲವು ಮನೆಗಳ ಹೆಸರು ಅಲ್ಲಿಗೇ ನಿಲ್ಲುತ್ತದೆ, ಹಾಗೆ ನಿಂತದ್ದು ಮತ್ತೆ ಹುಟ್ಟುವುದಿಲ್ಲ. ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಈ ಪ್ರಶ್ನೆಯನ್ನು ಗಣಿತದ ಲೆಕ್ಕವಾಗಿ ಮುಂದಿಟ್ಟ, ಹೆನ್ರಿ ವಾಟ್ಸನ್ ಎಂಬ ಪಾದ್ರಿ ಅದನ್ನು ಬಿಡಿಸಲು ಹೊರಟ. ಇಬ್ಬರ ಹೆಸರಿನಲ್ಲೂ ಆ ಗಣಿತ ಇಂದು ಪ್ರಸಿದ್ಧವಾಗಿದೆ, ಸೋಂಕು ಹರಡುವುದನ್ನು ಅಳೆಯಲೂ ಬಳಕೆಯಾಗುತ್ತಿದೆ. ಕೊರಿಯಾದಲ್ಲಿ ಕಿಮ್, ಲೀ, ಪಾರ್ಕ್ ಎಂಬ ಮೂರು ಹೆಸರುಗಳಲ್ಲೇ ಜನಸಂಖ್ಯೆಯ ಸುಮಾರು 45 ಶೇಕಡಾ ಮಂದಿ ಅಡಗಿರುವುದಕ್ಕೆ ಇನ್ನೊಂದು ಕಾರಣವೂ ಇದೆ: ಹಿಂದೆ ಅಡ್ಡಹೆಸರಿಲ್ಲದ ಜನರು ಅದನ್ನು ಪಡೆಯುವ ಅವಕಾಶ ಬಂದಾಗ ಪ್ರತಿಷ್ಠಿತ ಮನೆತನಗಳ ಹೆಸರನ್ನೇ ಆರಿಸಿಕೊಂಡರು.

ಇಲ್ಲಿಂದ ಒಂದು ಮಾತು ತಾನಾಗಿಯೇ ಹೊರಡುತ್ತದೆ: ಒಂದೇ ಹೆಸರಿದ್ದ ಮಾತ್ರಕ್ಕೆ ಒಂದೇ ರಕ್ತವೆನ್ನಲಾಗದು. ಸ್ಮಿತ್ ಎಂಬ ಹೆಸರು ಸಾವಿರ ಕುಲುಮೆಗಳಲ್ಲಿ ಸಾವಿರ ಬಾರಿ ಹುಟ್ಟಿದೆ. ಅಪರೂಪದ ಹೆಸರುಗಳ ವಿಷಯ ಬೇರೆ. ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮದೇ ಅಡ್ಡಹೆಸರಿನ ಗಂಡಸರನ್ನು ಪರೀಕ್ಷಿಸಿದಾಗ ಅವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ, ತಂದೆಯಿಂದ ಮಗನಿಗೆ ಮಾತ್ರ ಸಾಗುವ ವೈ ವರ್ಣತಂತುವಿನ ಒಂದೇ ಬಗೆಯನ್ನು ಹೊಂದಿದ್ದರು. ಉಳಿದವರಲ್ಲಿ ಹೆಸರು ಬಂದದ್ದು ಬೇರೆ ದಾರಿಯಿಂದ: ದತ್ತು, ತಾಯಿಯ ಹೆಸರು, ಮದುವೆಯ ಹೊರಗಿನ ಹುಟ್ಟು. ಹೆಸರು ಹಾಗೆಯೇ ಮುಂದುವರಿದರೂ ರಕ್ತ ಬದಲಾಗಿರುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಕೆಲವು ಹೆಸರುಗಳ ಮೂಲ ತಿಳಿದಾಗ ಮನಸ್ಸು ಭಾರವಾಗುತ್ತದೆ. ನೇಪಲ್ಸಿನಲ್ಲಿ ಅನುನ್ಸಿಯಾತಾ ಎಂಬ ಅನಾಥಾಲಯದ ಗೋಡೆಯಲ್ಲಿ ಮರದ ಒಂದು ತಿರುಗುಪೆಟ್ಟಿಗೆ ಇತ್ತು. ಸಾಕಲಾರದ ತಾಯಿ ಹೊರಗಿನಿಂದ ಮಗುವನ್ನು ಅದರಲ್ಲಿ ಮಲಗಿಸಿ ತಿರುಗಿಸಿದರೆ ಮಗು ಗೋಡೆಯ ಒಳಬದಿಗೆ ಬರುತ್ತಿತ್ತು. ಒಳಗಿದ್ದವರಿಗೆ ತಾಯಿಯ ಮುಖ ಕಾಣುತ್ತಿರಲಿಲ್ಲ. ಹಾಗೆ ಬಂದ ಮಕ್ಕಳಿಗೆ ಎಸ್ಪೊಸಿತೊ ಎಂಬ ಅಡ್ಡಹೆಸರು ಬರೆಯುತ್ತಿದ್ದರು. ಬಿಟ್ಟುಹೋದ ಮಗು ಎಂದು ಅದರ ಅರ್ಥ. ಆ ಪೆಟ್ಟಿಗೆಯನ್ನು 1875ರಲ್ಲಿ ಮುಚ್ಚಿದರು. ಎಸ್ಪೊಸಿತೊ ಇಂದು ಆ ಪ್ರದೇಶದ ಅತಿ ಸಾಮಾನ್ಯ ಅಡ್ಡಹೆಸರುಗಳಲ್ಲಿ ಒಂದು. ಅಮೆರಿಕದಲ್ಲಿ ಗುಲಾಮರಾಗಿದ್ದವರ ಹೆಸರುಗಳೂ ಇಂಥವೇ. ಹಲವರಿಗೆ ಅವರನ್ನು ಕೊಂಡವನ ಹೆಸರೇ ಉಳಿಯಿತು. ಬಿಡುಗಡೆಯಾದ ಮೇಲೆ ತಾವೇ ಹೆಸರು ಕಟ್ಟಿಕೊಂಡವರೂ ಇದ್ದರು. ಮುಂದೆ ದೊಡ್ಡ ಶಿಕ್ಷಣತಜ್ಞರಾದ ಬುಕರ್ ಶಾಲೆಗೆ ಸೇರಿದಾಗ, ಉಳಿದ ಮಕ್ಕಳಿಗೆ ಎರಡೆರಡು ಹೆಸರುಗಳಿರುವುದನ್ನು ಗಮನಿಸಿ, ಹಾಜರಿಯಲ್ಲಿ ತನ್ನ ಸರದಿ ಬಂದಾಗ ಬುಕರ್ ವಾಷಿಂಗ್ಟನ್ ಎಂದರಂತೆ. ಅಲ್ಲಿನ 2000ದ ಜನಗಣತಿಯ ಪ್ರಕಾರ ವಾಷಿಂಗ್ಟನ್ ಎಂಬ ಅಡ್ಡಹೆಸರಿನವರಲ್ಲಿ ಸುಮಾರು 90 ಶೇಕಡಾ ಮಂದಿ ಕಪ್ಪು ಜನರು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾಲ್ಕಂ ಎಕ್ಸ್ ತಮ್ಮ ಲಿಟ್ಲ್ ಎಂಬ ಹೆಸರನ್ನು ಕಿತ್ತುಹಾಕಿ, ಕಳೆದುಹೋದ ಆಫ್ರಿಕದ ಹೆಸರಿನ ಜಾಗದಲ್ಲಿ ಎಕ್ಸ್ ಎಂದು ಬರೆದುಕೊಂಡರು.

ಹೆಸರನ್ನು ಬಿಡುವುದಕ್ಕೂ ಇಂಥದೇ ಬಲವಾದ ಕಾರಣಗಳಿರುತ್ತವೆ. ಭಾರತದಲ್ಲಿ ಎಷ್ಟೋ ಅಡ್ಡಹೆಸರುಗಳು ಕೇಳಿದ ಕ್ಷಣದಲ್ಲಿ ಜಾತಿಯನ್ನು ಹೇಳಿಬಿಡುತ್ತವೆ, ಕೇಳಿದವನ ನಡವಳಿಕೆ ಅಲ್ಲಿಂದಲೇ ಬದಲಾಗುವುದೂ ಉಂಟು. 1699ರಲ್ಲಿ ಸಿಖ್ಖರ ಖಾಲ್ಸಾ ಪಂಥ ಸ್ಥಾಪನೆಯಾದಾಗ ಗಂಡಸರಿಗೆ ಸಿಂಗ್, ಹೆಂಗಸರಿಗೆ ಕೌರ್ ಎಂಬ ಸಮಾನ ಹೆಸರು ಬಂದದ್ದರ ಹಿಂದೆ ಈ ಭೇದವನ್ನು ಅಳಿಸುವ ಉದ್ದೇಶವಿತ್ತು. 1929ರಲ್ಲಿ ಚೆಂಗಲ್ಪಟ್ಟಿನಲ್ಲಿ ನಡೆದ ಸ್ವಾಭಿಮಾನ ಚಳವಳಿಯ ಸಮ್ಮೇಳನ ಜಾತಿಸೂಚಕ ಹೆಸರುಗಳನ್ನು ಕೈಬಿಡಲು ಕರೆ ಕೊಟ್ಟಿತು. ತಮಿಳುನಾಡಿನಲ್ಲಿ ಹೆಚ್ಚಿನವರು ಇಂದು ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಬರೆಯುತ್ತಾರೆ. ಹೆಸರಿನ ಚರಿತ್ರೆಯನ್ನು ಪ್ರೀತಿಸುವ ನಾನು ಇದನ್ನು ನಷ್ಟವೆಂದು ಭಾವಿಸುವುದಿಲ್ಲ. ಚರಿತ್ರೆಯನ್ನು ದಾಖಲೆಗಳಲ್ಲಿ ಉಳಿಸಿಕೊಳ್ಳಬಹುದು. ಅದನ್ನು ಒಬ್ಬ ಮನುಷ್ಯನ ಹಣೆಯ ಮೇಲೆ ಬರೆಯಬೇಕಾಗಿಲ್ಲ.

ಮದುವೆಯಾದ ಹೆಣ್ಣಿನ ಹೆಸರಿನ ವಿಷಯದಲ್ಲಿ ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಚೀನಾ, ಕೊರಿಯಾಗಳಲ್ಲಿ ಹೆಂಡತಿ ಹುಟ್ಟಿದ ಮನೆಯ ಹೆಸರನ್ನೇ ಉಳಿಸಿಕೊಳ್ಳುತ್ತಾಳೆ. ಸ್ಪೇನಿನಲ್ಲಿ ಮಗುವಿಗೆ ತಂದೆ ತಾಯಿ ಇಬ್ಬರ ಹೆಸರೂ ಸೇರುತ್ತದೆ. ಅಮೆರಿಕದ ಲೂಸಿ ಸ್ಟೋನ್ 1855ರಲ್ಲಿ ಮದುವೆಯಾದಾಗ ತಮ್ಮ ಹೆಸರನ್ನು ಬದಲಿಸಲು ಒಪ್ಪದೆ ಸುದ್ದಿಯಾದರು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1981ರಿಂದ ಹೆಂಗಸರು ಹುಟ್ಟುಹೆಸರನ್ನೇ ಬಳಸಬೇಕೆಂಬ ಕಾನೂನಿದೆ. ಜಪಾನಿನ ನಾಗರಿಕ ಸಂಹಿತೆ ಇದಕ್ಕೆ ತದ್ವಿರುದ್ಧವಾಗಿ ಗಂಡಹೆಂಡಿರು ಒಂದೇ ಅಡ್ಡಹೆಸರು ಹೊಂದಬೇಕೆನ್ನುತ್ತದೆ. ಯಾರದ್ದಾದರೂ ಆಗಬಹುದೆಂದು ಹೇಳಿದರೂ ಬದಲಿಸುವವರಲ್ಲಿ ಬಹುತೇಕ ಎಲ್ಲರೂ ಹೆಂಗಸರೇ, ಮತ್ತು ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿಯೂ 2021ರಲ್ಲಿಯೂ ಆ ನಿಯಮವನ್ನು ಎತ್ತಿಹಿಡಿದಿದೆ.

ತಮ್ಮ ಮನೆತನದ ಹೆಸರಿನ ಮೂಲವನ್ನು ಹುಡುಕಲು ಹೊರಡುವವರಿಗೆ ಒಂದೆರಡು ಸಲಹೆಗಳು. ಇಂದಿನ ರೂಪವನ್ನು ನೋಡಿ ಅರ್ಥ ಹೇಳಲು ಹೋಗಬೇಡಿ. ವಾಕರ್ ನಮಗೆ ಕಲಿಸುವುದು ಅದನ್ನೇ. ಸಿಗುವ ದಾಖಲೆಗಳಲ್ಲಿ ಅತ್ಯಂತ ಹಳೆಯದನ್ನು ಹಿಡಿದು ಅಲ್ಲಿ ಹೆಸರು ಹೇಗೆ ಬರೆಯಲ್ಪಟ್ಟಿದೆ, ಬರೆದವನ ಭಾಷೆ ಯಾವುದು, ಆ ಕಾಲದಲ್ಲಿ ಕುಟುಂಬ ಎಲ್ಲಿತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ ಕೇಳಿಬರುವ ಕಥೆಗಳನ್ನು ಬರೆದಿಡಿ, ಆದರೆ ದಾಖಲೆಯೊಂದಿಗೆ ತಾಳೆ ನೋಡದೆ ನಂಬಬೇಡಿ. ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಇಳಿದಾಗ ಅಧಿಕಾರಿಗಳು ನಮ್ಮ ಹೆಸರನ್ನು ಬದಲಿಸಿದರು ಎಂದು ಲಕ್ಷಾಂತರ ಅಮೆರಿಕನ್ ಕುಟುಂಬಗಳು ನಂಬಿವೆ. ಅಲ್ಲಿನ ಅಧಿಕಾರಿಗಳು ಹಡಗಿನ ಕಂಪನಿ ಹೊರಡುವ ಬಂದರಿನಲ್ಲಿಯೇ ಸಿದ್ಧಪಡಿಸಿ ತಂದ ಪಟ್ಟಿಯನ್ನು ಮುಂದಿಟ್ಟುಕೊಂಡು ಹೆಸರುಗಳನ್ನು ಸರಿನೋಡುತ್ತಿದ್ದರು, ಹೊಸದಾಗಿ ಬರೆಯುತ್ತಿರಲಿಲ್ಲ. ಹೆಸರನ್ನು ಬದಲಿಸಿದ್ದು ಹೆಚ್ಚಾಗಿ ಆ ವಲಸಿಗರೇ, ಹೊಸ ದೇಶದಲ್ಲಿ ಕೆಲಸ ಸಿಗಲಿ, ಮಕ್ಕಳನ್ನು ಶಾಲೆಯಲ್ಲಿ ಯಾರೂ ಹಂಗಿಸದಿರಲಿ ಎಂದು. ಹಾಗಾಗಿ ಹಡಗಿನ ಪಟ್ಟಿಯಲ್ಲಿ ಒಂದು ಹೆಸರು, ಕೆಲವು ವರ್ಷಗಳ ನಂತರದ ಪೌರತ್ವದ ಅರ್ಜಿಯಲ್ಲಿ ಇನ್ನೊಂದು ಹೆಸರು ಕಂಡರೆ, ಹುಡುಕಬೇಕಾದದ್ದು ಆ ನಡುವಿನ ವರ್ಷಗಳಲ್ಲಿ.